ಅಪ್ಪನ ತಿಥಿಗೆ ಅಪ್ಪನಿಗೇ ಆಹ್ವಾನ

ನಾನು ಬರೆಯೋದನ್ನ ಮನುಷ್ಯರು ಓದೋದಿಲ್ಲ. ಇದನ್ನ ಸಂಕಟಪಟ್ಟು ಹೇಳ್ತಾ ಇಲ್ಲ, ನನ್ನ ನೌಕರಿಯೇ ಅದು. ಮೊದಲು ಸಂಡೂರಿನ ಕಡೆ ಅದಿರು ಸಾಗಿಸುವ ಬೆಲ್ಟುಗಳಿಗೆ ಕೈಪಿಡಿ ಬರೀತಿದ್ದೆ. ಬೆಲ್ಟ್ ಓಡುವಾಗ ಕೈ ಹಾಕಬೇಡಿ, ಸಡಿಲ ಅಂಗಿ ತೊಡಬೇಡಿ, ಇಂಥವು. ಅದನ್ನೂ ಯಾರೂ ಓದ್ತಿರಲಿಲ್ಲ, ಆದರೆ ಓದದೇ ಇದ್ದವರು ಮನುಷ್ಯರೇ ಆಗಿದ್ದರು ಅನ್ನೋ ಸಮಾಧಾನ ಇತ್ತು. ಈಗ ಹೊಸಪೇಟೆಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಎಐ ಏಜೆಂಟುಗಳಿಗೆ ಬರೀತೀನಿ. ಅವು ಓದ್ತವೆ. ಒಂದಕ್ಷರ ಬಿಡದೆ ಓದ್ತವೆ. ಅದೇ ಬಂದಿರೋ ಗ್ರಹಚಾರ.

ಏಜೆಂಟು ಅಂದ್ರೆ ನಿಮ್ಮ ಪರವಾಗಿ ಫೋನಿನೊಳಗೆ ಓಡಾಡಿ ಕೆಲಸ ಮಾಡೋ ಎಐ. ಅದಕ್ಕೆ ಸ್ವಂತ ಕೈಕಾಲಿಲ್ಲ, ಒಂದೊಂದು ಕೆಲಸಕ್ಕೆ ಒಂದೊಂದು ಸಾಧನ ಮಾಡಿ ಅದರ ಕೈಗೆ ಕೊಡ್ತಾರೆ. ಹೋದ ವರ್ಷ ನನ್ನ ಪಾಲಿಗೆ ಬಂದದ್ದು ಕ್ಯಾಲೆಂಡರಿನಲ್ಲಿರೋ ಕಾರ್ಯಕ್ರಮಗಳನ್ನ ಪಟ್ಟಿ ಮಾಡಿ ತೋರಿಸುವ ಸಾಧನ. ಯಾರ ಕ್ಯಾಲೆಂಡರು, ಯಾವತ್ತಿನಿಂದ ಯಾವತ್ತಿನವರೆಗೆ ಅಂತ ಏಜೆಂಟು ಕೇಳಿದರೆ ಪಟ್ಟಿ ಬರುತ್ತೆ. ಅಷ್ಟೇ. ಆ ಸಾಧನವನ್ನ ಯಾವಾಗ ಕರೀಬೇಕು, ಬಂದ ಪಟ್ಟಿಯನ್ನ ಹೇಗೆ ತಿಳ್ಕೋಬೇಕು ಅಂತ ಏಜೆಂಟಿಗೆ ಅರ್ಥ ಆಗೋ ಹಾಗೆ ಬರೆದುಕೊಡೋದು ನನ್ನ ಕೆಲಸ.

‘ಅಲ್ಲ, ಓದ್ಲಿಕ್ಕೆ ಮಂದಿನೇ ಇಲ್ಲಂದ್ರ ನಿಂಗ ಯಾಕ ಪಗಾರ ಕೊಡ್ತಾರ?’ ಅಂತ ಅಮ್ಮ ಕೇಳಿದ್ದಳು. ನನಗೂ ಗೊತ್ತಿರಲಿಲ್ಲ. ‘ನಿನ್ನ ಅಡಗಿ ದೇವರು ತಿಂತಾನೇನು? ಆದ್ರೂ ದಿನಾ ನೈವೇದ್ಯ ಮಾಡ್ತೀಯಲ್ಲ’ ಅಂದೆ. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆ ವಿವರಣೆಯಲ್ಲಿ ಒಂದು ಸಾಲನ್ನ ನಮ್ಮ ಮ್ಯಾನೇಜರಮ್ಮ ಹಟ ಹಿಡಿದು ಬರೆಸಿದಳು. ದೂರದ ಊರಿನವಳು, ನಾನು ಅವಳನ್ನ ನೋಡಿರೋದು ಪರದೆಯ ಮೇಲೆ ಕುತ್ತಿಗೆವರೆಗೆ ಮಾತ್ರ. ಆಫೀಸುಗಳಲ್ಲಿ ಕಂಡಕಂಡವರಿಗೆಲ್ಲ ಮೀಟಿಂಗಿನ ಆಹ್ವಾನ ಕಳಿಸ್ತಾರೆ, ಯಾರೂ ಬರ್ತೀನಿ ಅನ್ನೋದಿಲ್ಲ, ಕ್ಯಾಲೆಂಡರು ಸುಮ್ಮನೆ ತುಂಬಿರುತ್ತೆ ಅನ್ನೋದು ಅವಳ ತಲೆನೋವು. ಅದಕ್ಕೇ ಈ ಸಾಲು: ‘ಆಹ್ವಾನಿತರಲ್ಲಿ ಒಬ್ಬರೂ ಒಪ್ಪಿಗೆ ಕೊಡದ ಕಾರ್ಯಕ್ರಮವನ್ನು ಪಟ್ಟಿಯಲ್ಲಿ ತೋರಿಸಬೇಡ, ಆ ಹೊತ್ತು ಖಾಲಿ ಇದೆ ಎಂದು ತಿಳಿ.’ ನೋಡಿದರೆ ಎಷ್ಟು ಸಾಧು ಸಾಲು! ಇದರಿಂದ ನಮ್ಮ ಮನೆಯಲ್ಲಿ ಆದ ರಾಮಾಯಣ ನನಗೆ ಮಾತ್ರ ಗೊತ್ತು.

ಪ್ರಯೋಗಕ್ಕೆ ನಿಜವಾದ ಮಂದಿ ಬೇಕು ಅಂದಾಗ ನಾನು ನಮ್ಮ ಸೋದರಮಾವನನ್ನ ಮುಂದೆ ಮಾಡಿದೆ. ಮಾಮಾ ಹಂಪಿಯಲ್ಲಿ ಪುರೋಹಿತರು. ಕಂಪ್ಲಿಯ ಅಕ್ಕಿ ಗಿರಣಿಯವರ ಗೃಹಪ್ರವೇಶ, ಪಾಪಿನಾಯಕನಹಳ್ಳಿಯ ಸತ್ಯನಾರಾಯಣ ಪೂಜೆ, ಯಾರದೋ ನಾಮಕರಣ, ಹೀಗೆ ಅವರ ಕಾಲಿಗೆ ಚಕ್ರ. ಎಲ್ಲಾ ತಲೆಯಲ್ಲೇ ಇಟ್ಕೋತಿದ್ದರು, ಆಗಾಗ ಒಂದು ಮರೀತಿದ್ದರು, ಮರೆತವರ ಮನೆಗೆ ಹೋಗಿ ಬೈಸಿಕೊಂಡು ಊಟ ಮಾಡಿ ಬರ್ತಿದ್ದರು. ಏಜೆಂಟು ಬಂದ ಮೇಲೆ ಅವರಿಗೆ ಮೋಜೋ ಮೋಜು. ಮಡಿಯಲ್ಲಿದ್ದರೆ ಫೋನು ಮುಟ್ಟೋ ಹಾಗಿಲ್ಲ, ಆದರೆ ಮಾತಾಡೋಕೆ ಯಾವ ಮೈಲಿಗೆ? ಫೋನನ್ನ ಗೂಡಿನಲ್ಲಿ ಇಟ್ಟು, ದೂರ ನಿಂತು, ‘ಏನಪಾ, ನಾಳೆ ಎಲ್ಲಿ ಹೋಗಬೇಕು?’ ಅಂತ ಕೂಗ್ತಿದ್ದರು. ಅದು ಪುಸ್ತಕದ ಕನ್ನಡದಲ್ಲಿ ‘ನಾಳೆ ಮುಂಜಾನೆ ಕಂಪ್ಲಿಯಲ್ಲಿ ನಿಮಗೆ ಒಂದು ಕಾರ್ಯಕ್ರಮವಿದೆ’ ಅಂತ ಉತ್ತರ ಕೊಡ್ತಿತ್ತು. ‘ಭಾಳ ಸಂಸ್ಕಾರ ಇರೋ ಹುಡುಗ’ ಅಂತ ಮಾಮಾ ಊರೆಲ್ಲ ಹೇಳಿಕೊಂಡು ತಿರುಗಿದರು.

ಆ ವರ್ಷವೇ ಅಪ್ಪನ ಮೊದಲ ವರ್ಷದ ಶ್ರಾದ್ಧ ಬಂತು.

ಅಮ್ಮನ ಮಟ್ಟಿಗೆ ಅದು ಸಣ್ಣ ವಿಷಯ ಅಲ್ಲ. ಹೋದವರು ವರ್ಷಪೂರ್ತಿ ನಡೀತಾನೇ ಇರ್ತಾರಂತೆ, ವರ್ಷ ತುಂಬಿದ ತಿಥಿಯ ದಿನ ಬಂದು ಕೂತು ಉಣ್ತಾರಂತೆ. ‘ಅಷ್ಟು ದೂರ ನಡದು ಬಂದಾಗ ಎಲಿ ಹಾಕಿರಲಿಲ್ಲಂದ್ರ?’ ಅಂತ ಅವಳು ತಿಂಗಳ ಮೊದಲಿಂದ ಕೇಳ್ತಾ ಇದ್ದಳು. ತಿಥಿ ತಪ್ಪಬಾರದು, ಮಧ್ಯಾಹ್ನದ ಹೊತ್ತು ಮೀರಬಾರದು, ಹಂಪಿಯಲ್ಲಿ ಮಾಮಾನ ಮನೆಯಲ್ಲೇ ಆಗಬೇಕು. ಸಂಡೂರಿನ ಕಡೆ ವಡ್ಡು ಅನ್ನೋ ಊರಿನ ಹತ್ತಿರದ ಕಾರ್ಖಾನೆಯಲ್ಲಿ ಶಿಫ್ಟು ಮಾಡೋ ನನ್ನ ತಮ್ಮ, ಶ್ರಾದ್ಧ ಮಾಡಬೇಕಾದವನು ಅವನೇ, ಯಾರ್‍ಯಾರದೋ ಕೈಕಾಲು ಹಿಡಿದು ಶಿಫ್ಟು ಬದಲು ಮಾಡಿಕೊಂಡು ಆ ಒಂದೇ ದಿನ ರಜೆ ಗಿಟ್ಟಿಸಿದ. ಅದು ತಪ್ಪಿದರೆ ಮತ್ತೆ ಸಿಗೋದಿಲ್ಲ ಅಂತ ಅವನ ಸಾಹೇಬರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಒಂದು ದಿನ ನಾನು ಮಾಳಿಗೆಯಿಂದ ಇಳಿದು ಬಂದರೆ ಅಮ್ಮ ಅಪ್ಪನ ಫೋನನ್ನ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಅಪ್ಪ ಹೋದ ಮೇಲೂ ಅವಳು ಅದನ್ನ ಚಾರ್ಜ್ ಮಾಡಿ ಇಡ್ತಿದ್ದಳು. ಯಾಕೆ ಅಂತ ನಾನು ಕೇಳಿರಲಿಲ್ಲ, ಕೆಲವನ್ನ ಕೇಳಬಾರದು.

‘ಇದೇನು ನೋಡು’ ಅಂದಳು.

ಪರದೆಯ ಮೇಲೆ ಹೀಗಿತ್ತು: ‘ನಿಮ್ಮನ್ನು ಆಹ್ವಾನಿಸಲಾಗಿದೆ. ಕಾರ್ಯಕ್ರಮ: ನಿಮ್ಮ ವಾರ್ಷಿಕ ಶ್ರಾದ್ಧ. ಸ್ಥಳ: ಹಂಪಿ. ನೀವು ಬರುತ್ತೀರಾ?’ ಕೆಳಗೆ ಮೂರು ಗುಂಡಿ: ಬರುತ್ತೇನೆ. ಬರುವುದಿಲ್ಲ. ಬರಬಹುದು.

ನನಗೆ ನಗು ಬಂತು. ನಗು ಬಂದದ್ದಕ್ಕೆ ಅಳು ಬಂತು. ಕೊನೆಗೆ ಸಿಟ್ಟು ಬಂತು, ಸಿಟ್ಟು ನನಗೆ ಸಲೀಸು. ಮಾಮಾಗೆ ಫೋನ್ ಹಚ್ಚಿದೆ.

‘ಮಾಮಾ, ಅಪ್ಪನ್ನ ಯಾಕ ಕರದೀರಿ?’

‘ಅಲ್ಲವಾ, ಶ್ರಾದ್ಧಕ್ಕ ಯಾರನ್ನ ಕರೀತಾರ? ಪಿತೃಗಳನ್ನ! ಗೃಹಪ್ರವೇಶಕ್ಕ ಮನಿ ಯಜಮಾನನ ಹೆಸರು ಹಾಕು ಅಂತ ನೀನೇ ಕಲಿಸಿದ್ದಿ. ಆಹ್ವಾನಿತರು ಅಂತ ಡಬ್ಬಿ ಇತ್ತು. ನಿಮ್ಮಪ್ಪ, ನಿಮ್ಮಜ್ಜ, ಮುತ್ತಜ್ಜ, ಮೂರೂ ತಲಿಮಾರು ಹಾಕೀನಿ. ಶಾಸ್ತ್ರದ ಪ್ರಕಾರ ಒಂದೂ ತಪ್ಪಿಲ್ಲ.’

‘ವಿಳಾಸ?’

‘ಪಿತೃಲೋಕ ಅಂತ ಬರದೀನಿ. ಪ್ರಯಾಣದ ಸಮಯ ಲೆಕ್ಕ ಹಾಕಲು ಆಗುತ್ತಿಲ್ಲ ಅಂತು. ಆಗೂದಿಲ್ಲ ಬಿಡಪಾ, ಯಾರಿಗೂ ಆಗಿಲ್ಲ ಅಂದೆ.’

ಮಾಮಾನ ಫೋನಿನಲ್ಲಿ ಅಪ್ಪನ ನಂಬರು ಇನ್ನೂ ಇತ್ತು, ಹಾಗಾಗಿ ಅಪ್ಪನಿಗೆ ಆಹ್ವಾನ ಬಂದಿತ್ತು. ಅಜ್ಜ, ಮುತ್ತಜ್ಜ ಪುಣ್ಯವಂತರು, ಫೋನು ಬರೋ ಮೊದಲೇ ಹೋಗಿದ್ದರು.

ಆಗ ನನಗೆ ಮ್ಯಾನೇಜರಮ್ಮನ ಆ ಸಾಲು ನೆನಪಾಯ್ತು. ಒಪ್ಪಿಗೆ ಕೊಡದ ಆಹ್ವಾನಿತರು! ಮಾಳಿಗೆಗೆ ಓಡಿ ಮಾಮಾನ ಆ ದಿನದ ಪಟ್ಟಿ ತರಿಸಿದೆ. ಶ್ರಾದ್ಧ ಇರಲಿಲ್ಲ. ಅದರ ಹೊತ್ತಿನಲ್ಲಿ, ನಡು ಮಧ್ಯಾಹ್ನಕ್ಕೆ, ಬೇರೊಂದು ಕೂತಿತ್ತು: ‘ಮದುವೆ ಪೂರ್ವ ಫೋಟೋ ಶೂಟ್. ನದಿ ದಂಡೆ. ಮಂತ್ರ ಹೇಳುವಂತೆ ಕಾಣುವ ಪುರೋಹಿತರು ಬೇಕು.’ ಹಂಪಿಯಲ್ಲಿ ಈಗ ಇದು ಹೊಸದಲ್ಲ, ಮದುವೆ ಆಗೋ ಜೋಡಿಗಳು ಬಂದು ಬಂಡೆ ಬಂಡೆ ಹತ್ತಿ ಫೋಟೋ ತೆಗೆಸಿಕೊಳ್ತಾರೆ. ಮಾಮಾನ ಹೊತ್ತು ಖಾಲಿ ಇದೆ ಅಂತ ತಿಳಿದು ಏಜೆಂಟು ಅವರಿಗೆ ಒಪ್ಪಿಗೆ ಕೊಟ್ಟಿತ್ತು.

ಶ್ರಾದ್ಧ ಎಲ್ಲಿ ಹೋಯ್ತು ಅಂತ ಕೇಳಿದೆ. ಭಾಳ ವಿನಯದಿಂದ ಹೇಳಿತು: ‘ಮೂವರು ಅತಿಥಿಗಳಲ್ಲಿ ಯಾರೂ ಉತ್ತರಿಸಿಲ್ಲ. ಎಲ್ಲರಿಗೂ ಬಿಡುವಿರುವ ಸಾಧ್ಯತೆ ಹೆಚ್ಚಾಗಿರುವ ಭಾನುವಾರಕ್ಕೆ ಮುಂದೂಡಲೇ?’

ಅಮ್ಮ ಹಿಂದೆ ಬಂದು ನಿಂತು ಕೇಳಿಸಿಕೊಂಡಿದ್ದಳು. ‘ಭಾನುವಾರಕ್ಕ! ಅವರೇನು ಬ್ಯಾಂಕಿನಾಗ ನೌಕರಿಗೆ ಸೇರ್‍ಯಾರೇನ?’

ಕರೆದ ಪಿತೃಗಳ ಹೆಸರು ಅಳಿಸೋಕೆ ಮಾಮಾ ಒಪ್ಪೋರಲ್ಲ, ಆದರೆ ಸುಲಭದ ದಾರಿ ಒಂದಿತ್ತು. ಅಪ್ಪನ ಫೋನಿನಲ್ಲಿ ‘ಬರುತ್ತೇನೆ’ ಒತ್ತಿಬಿಟ್ಟರೆ ಸಾಕು, ಶ್ರಾದ್ಧ ಖಚಿತ ಆಗಿ ಪಟ್ಟಿಗೆ ವಾಪಸು ಬರ್ತಿತ್ತು. ಕೈ ಚಾಚಿದೆ. ಅಮ್ಮ ಫೋನನ್ನ ಸೆರಗಿನೊಳಗೆ ಎಳೆದುಕೊಂಡಳು.

‘ಬ್ಯಾಡ.’

‘ಒಂದು ಗುಂಡಿ ಅಮ್ಮಾ!’

‘ಅವರ ಪರವಾಗಿ ನಾ ಹೆಂಗ ಒತ್ತಲಿ? ಬರ್ತೀನಂತ ನಂಗ ಹೇಳ್ಯಾರೇನು?’

‘ಇದೊಳ್ಳೆ ಹುಚ್ಚಾತಲ್ಲ! ನೀನೇ ಬರ್ತಾರ ಬರ್ತಾರ ಅಂತ ತಿಂಗಳಿಂದ ತಲಿ ತಿಂದೀ.’

ಅವಳು ಮೆಟ್ಟಿಲ ಮೇಲೆ ಕೂತಳು. ಆಮೇಲೆ ಹೇಳಿದಳು. ಅಪ್ಪ ಹೋದ ದಿನ ಮುಂಜಾನೆ ಇಬ್ಬರಿಗೂ ಜಗಳ ಆಗಿತ್ತು. ಟಿವಿ ಸದ್ದು ಸಣ್ಣ ಮಾಡಿ ಅಂದಿದ್ದಕ್ಕೆ ಅಪ್ಪ ಟಿವಿಯನ್ನೇ ಆರಿಸಿ, ತಿಂಡಿ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಮಾರ್ಕೆಟಿನಲ್ಲಿ ಕುಸಿದವರು ಮತ್ತೆ ಏಳಲಿಲ್ಲ. ‘ಮುನಿಸ್ಕೊಂಡು ಹೋದವರು ಬರ್ತಾರೋ ಇಲ್ಲೋ ನಂಗೇನು ಗೊತ್ತು? ನಾ ಒತ್ತಿಬಿಟ್ಟು ಅವರು ಬರ್ಲಿಲ್ಲಂದ್ರ?’

ವರ್ಷಪೂರ್ತಿ ಈ ಹೆಂಗಸು ಇದನ್ನ ಹೊಟ್ಟೆಯಲ್ಲಿಟ್ಟುಕೊಂಡು ಒಗ್ಗರಣೆ ಹಾಕಿದ್ದಾಳೆ, ಮುಸುರೆ ತಿಕ್ಕಿದ್ದಾಳೆ, ನನ್ನ ಜೊತೆ ಧಾರಾವಾಹಿ ನೋಡಿದ್ದಾಳೆ. ಪಕ್ಕದಲ್ಲಿದ್ದೂ ನನಗೆ ಗೊತ್ತಾಗಲಿಲ್ಲವಲ್ಲ ಅಂತ ಭಾಳ ಕೆಟ್ಟನಿಸಿತು.

ಮರುದಿನ ಕಂಪನಿಯ ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಆ ಸಾಲನ್ನ ತೆಗೀರಿ ಅಂದೆ. ಮ್ಯಾನೇಜರಮ್ಮ ಕೇಳಿದಳು, ಉತ್ತರ ಕೊಡದ ಅತಿಥಿಗಳಿಗೆ ಮತ್ತೊಮ್ಮೆ ನೆನಪಿನ ಸಂದೇಶ ಕಳಿಸಬಹುದಲ್ಲ?

‘ಅವರು ಸತ್ತಿದ್ದಾರೆ’ ಅಂದೆ.

‘ಮೂವರೂ?’

‘ಮೂವರೂ.’

ಅಲ್ಲಿಂದ ಚರ್ಚೆ ಶುರುವಾಯ್ತು ನೋಡಿ, ನನ್ನ ಜನ್ಮದಲ್ಲಿ ಅಂಥದ್ದನ್ನ ಕೇಳಿಲ್ಲ. ಸತ್ತವರ ಉತ್ತರವನ್ನ ಯಾವ ಗುಂಪಿಗೆ ಸೇರಿಸಬೇಕು? ತಾಂತ್ರಿಕವಾಗಿ ನೋಡಿದರೆ ಅವರು ನಿರಾಕರಿಸಿದ ಹಾಗೆ ಅಂತ ಒಬ್ಬ ಹೇಳಿದ. ಇಲ್ಲ, ‘ಬರಬಹುದು’ ಅನ್ನೋದೇ ಸರಿ, ಅವರವರ ನಂಬಿಕೆ ಅಂತ ಇನ್ನೊಬ್ಬಳು. ಮೂರನೆಯವನು ‘ಮೃತರೇ? ಹೌದು ಅಥವಾ ಇಲ್ಲ’ ಅಂತ ಹೊಸ ಕಾಲಂ ಸೇರಿಸೋಣ ಅಂದ. ಅದನ್ನ ತುಂಬೋರು ಯಾರು ಅಂತ ಮತ್ತೊಂದು ಪ್ರಶ್ನೆ ಬಂತು. ಆಹ್ವಾನಿತರೇ ತುಂಬಬೇಕು, ಅವರ ಖಾಸಗಿ ಮಾಹಿತಿ ಅದು, ಬೇರೆಯವರು ತುಂಬಿದರೆ ತಪ್ಪಾಗುತ್ತೆ ಅಂತ ಕಾನೂನು ನೋಡಿಕೊಳ್ಳೋ ಮಹರಾಯ ಗಂಭೀರವಾಗಿ ಹೇಳಿದ. ನಾನು ಮೈಕು ಆರಿಸಿ, ಬಾಯಿಗೆ ಬಂದದ್ದನ್ನೆಲ್ಲ ಬೈದು, ಮತ್ತೆ ಮೈಕು ಹಾಕಿದೆ. ಮೈಕು ಆರಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಪುಣ್ಯಕ್ಕೆ ಹೊಸಪೇಟೆ ಬೈಗುಳ ಅಲ್ಲಿ ಯಾರಿಗೂ ತಿಳಿಯೋದಿಲ್ಲ.

ಕೊನೆಗೆ ಆದ ತೀರ್ಮಾನ ಇಷ್ಟೇ: ನಿಯಮ ಬದಲಾಗೋದು ಮುಂದಿನ ಆವೃತ್ತಿಯಲ್ಲಿ. ಸದ್ಯಕ್ಕೆ ವಿವರಣೆಯಲ್ಲಿ ಎಚ್ಚರಿಕೆಯ ಮಾತು ಒಂದನ್ನ ಸೇರಿಸು. ಕೂತು ಬರೆದೆ. ಸಿಟ್ಟಿನಲ್ಲೇ ಬರೆದೆ: ‘ಕೆಲವು ಆಹ್ವಾನಿತರು ಉತ್ತರ ಕೊಡುವುದಿಲ್ಲ, ಕೊಡಲು ಅವರಿಗೆ ಆಗುವುದೂ ಇಲ್ಲ. ಅದನ್ನು ಬರುವುದಿಲ್ಲ ಎಂಬ ಉತ್ತರವೆಂದು ತಿಳಿಯಬಾರದು.’

ಮಧ್ಯಾಹ್ನ ಊಟದ ಹೊತ್ತಿಗೆ ಅದನ್ನ ಅಮ್ಮನಿಗೆ ಓದಿ ತೋರಿಸಿದೆ. ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ನಿಂತಳು. ‘ಇನ್ನೊಮ್ಮಿ ಓದು’ ಅಂದಳು. ಓದಿದೆ. ‘ಇದನ್ನ ಮಷೀನ್‌ಗೆ ಹೇಳೀ’ ಅಂದಳು. ‘ಮದಲು ನಂಗ ಹೇಳಬಾರದಿತ್ತೇನ?’ ಸಾರು ಬಡಿಸಿ ಒಳಗೆ ಹೋದಳು. ಆದರೂ ಗುಂಡಿ ಮಾತ್ರ ಒತ್ತಲಿಲ್ಲ.

ಇನ್ನು ಫೋಟೋದವರ ವಿಷಯ. ನನ್ನ ಹೊಸ ಸಾಲು ಮಾಮಾನ ಫೋನಿಗೆ ತಲುಪೋಕೆ ಇನ್ನೂ ತಿಂಗಳು ಬೇಕಿತ್ತು, ಅಲ್ಲಿಯವರೆಗೆ ಏಜೆಂಟಿಗೆ ಎಷ್ಟು ಹೇಳಿದರೂ ‘ಖಚಿತವಾದ ಕಾರ್ಯಕ್ರಮವನ್ನು ಖಚಿತವಲ್ಲದ ಕಾರ್ಯಕ್ರಮಕ್ಕಾಗಿ ತೆಗೆಯಲಾಗದು’ ಅಂತ ಅದೇ ರಾಗ. ಬೇಸತ್ತು ಆ ಫೋಟೋಗ್ರಾಫರನ ನಂಬರು ಹುಡುಕಿ ನಾನೇ ಮಾತಾಡಿದೆ. ಸಾಯಂಕಾಲಕ್ಕೆ ಹಾಕಿಕೊಳ್ಳೋಕೆ ಆಗುತ್ತಾ ಅಂತ ಅಂಜಿಕೊಂಡೇ ಕೇಳಿದೆ. ಅವನು ಅಳೋದೊಂದು ಬಾಕಿ. ‘ಅಕ್ಕಾರ, ನಡು ಮಧ್ಯಾಹ್ನ ಹಂಪಿ ಬಂಡಿ ಮ್ಯಾಲ ಯಾರ್ರೀ ಫೋಟೋ ತಗೀತಾರ? ಮಾರಿ ಎಲ್ಲಾ ಸುಟ್ಟ ಬದನಿಕಾಯಿ ಆಗ್ತಾವು. ಸಂಜಿಗೆ ಕೊಡ್ರಿ ಅಂತ ವಾರದಿಂದ ನಿಮ್ಮ ಮಷೀನಿಗೆ ಕೈ ಮುಗೀಲಿಕ್ಹತ್ತೀನಿ. ಇದೊಂದೇ ಹೊತ್ತು ಖಾಲಿ ಐತಿ ಅಂತೈತ್ರಿ!’

ಅಂದರೆ ಆ ಹೊತ್ತು ಯಾರಿಗೂ ಬೇಡವಾಗಿತ್ತು, ಅಪ್ಪನೊಬ್ಬನನ್ನ ಬಿಟ್ಟು. ಒಂದು ಫೋನ್ ಮಾತಿನಲ್ಲಿ ಕೆಲಸ ಮುಗೀತು.

ಮುಗೀತು ಅಂದ್ಕೊಂಡೆ.

ಶ್ರಾದ್ಧದ ದಿನ ಮುಂಜಾನೆ ನಾವು ಹಂಪಿಗೆ ಹೋದೆವು. ತಮ್ಮ ಸಂಡೂರಿನ ಕಡೆಯಿಂದ ಬೈಕಿನಲ್ಲಿ ಬಂದ, ತಲೆಯಿಂದ ಕಾಲಿನವರೆಗೆ ಕೆಂಪು ಧೂಳು. ಬಾವಿ ನೀರು ಹೊಯ್ದುಕೊಂಡು ಒದ್ದೆ ಪಂಚೆಯಲ್ಲಿ ಕೂತ. ಪಿತೃಸ್ಥಾನಕ್ಕೆ ಬುಕ್ಕಸಾಗರದಿಂದ ಒಬ್ಬ ಹಿರಿಯರು ಬಂದಿದ್ದರು. ಮಂತ್ರ ಹೇಳಿ ಅವರನ್ನ ಎಲೆಯ ಮುಂದೆ ಕೂಡಿಸಿದ ಮೇಲೆ ಅವರು ಅವರಲ್ಲ, ನಮ್ಮ ಅಪ್ಪ. ಹಾಗೆ ತಿಳಿದು ಬಡಿಸಬೇಕು, ಹಾಗೇ ತಿಳಿದು ನಮಸ್ಕಾರ ಮಾಡಬೇಕು. ಒಳಗಿದ್ದವರೆಲ್ಲ ಮಡಿ. ನಾನೊಬ್ಬಳು ಮೈಲಿಗೆ, ಹೊರಗೆ ಕಟ್ಟೆಯ ಮೇಲೆ ಕಾವಲು.

ವಡೆ ಕರಿಯೋ ವಾಸನೆ ಬರೋ ಹೊತ್ತಿಗೆ ಬೀದಿಯಲ್ಲಿ ಒಂದು ಕಾರು ನಿಂತಿತು. ಅದರಿಂದ ಮೊದಲು ಒಂದು ಬಿಳಿ ಬಟ್ಟೆ ಇಳೀತು, ಇಳೀತಾನೇ ಇತ್ತು, ಕೊನೆಗೆ ಅದರ ತುದಿಯಲ್ಲಿ ಒಬ್ಬ ಹುಡುಗಿ ಇಳಿದಳು. ಹಿಂದೆ ಕೋಟು ತೊಟ್ಟ ವರ, ಅವನ ಹಿಂದೆ ತಲೆ ಮೇಲೆ ಕೈ ಹೊತ್ತ ಫೋಟೋಗ್ರಾಫರ. ನಾನು ಹೊತ್ತು ಬದಲಿಸಿದ್ದನ್ನ ಏಜೆಂಟಿಗೆ ಯಾರೂ ಹೇಳಿರಲಿಲ್ಲ. ಅದು ಬೆಳಿಗ್ಗೆಯೇ ಜೋಡಿಗೆ ನೆನಪಿನ ಸಂದೇಶ ಕಳಿಸಿತ್ತು, ಫೋಟೋಗ್ರಾಫರನ ಮಾತು ಬಿಟ್ಟು ಅವರು ಅದನ್ನೇ ನಂಬಿ, ಮಾಮಾನನ್ನ ಕರೆದೊಯ್ಯೋಕೆ ಹೊತ್ತಿಗೆ ಸರಿಯಾಗಿ ಬಂದಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ಪಾಪ ಅನಿಸಿ ಕಟ್ಟೆಯ ಮೇಲೆ ಕೂಡಿಸಿ ಮಜ್ಜಿಗೆ ಕೊಟ್ಟೆ. ಹುಡುಗಿಯ ಬಟ್ಟೆ ಅರ್ಧ ಕಟ್ಟೆಯ ಮೇಲೆ, ಅರ್ಧ ನನ್ನ ಮಡಿಲಲ್ಲಿ.

ಒಳಗೆ ಮಾಮಾನ ಮಂತ್ರ ಕೇಳ್ತಿತ್ತು. ಆಗ ಗೂಡಿನಲ್ಲಿದ್ದ ಫೋನು ಬಾಯಿ ತೆಗೀತು, ಮನೆಯೆಲ್ಲ ಕೇಳೋ ಹಾಗೆ:

‘ಕ್ಷಮಿಸಿ. ವಾರ್ಷಿಕ ಶ್ರಾದ್ಧ ಎಂಬ ಕಾರ್ಯಕ್ರಮದ ಮುಖ್ಯ ಅತಿಥಿ ಇನ್ನೂ ಉತ್ತರಿಸಿಲ್ಲ. ಅವರು ಬರುತ್ತಿಲ್ಲವೆಂದು ತಿಳಿದು ಕಾರ್ಯಕ್ರಮವನ್ನು ರದ್ದು ಮಾಡಲೇ?’

ಮಾಮಾನ ಮಂತ್ರ ನಿಂತಿತು. ಕಿಟಕಿಯಿಂದ ನೋಡಿದೆ. ನನ್ನ ತಮ್ಮ, ಕೈಯಲ್ಲಿ ಎಳ್ಳು ನೀರು ಹಿಡಿದು ಕಲ್ಲಾಗಿದ್ದ. ಬುಕ್ಕಸಾಗರದ ಹಿರಿಯರು ತುತ್ತನ್ನ ಬಾಯಿಯ ಹತ್ತಿರ ಹಿಡಿದು ಮಾಮಾನ ಮುಖ ನೋಡ್ತಿದ್ದರು, ಉಣ್ಣಬೇಕೋ ಏಳಬೇಕೋ ತಿಳಿಯದೆ. ಫೋನು ಮುಟ್ಟೋ ಹಾಗಿಲ್ಲ, ಮುಟ್ಟಿದರೆ ಮಡಿ ಹೋಯ್ತು, ಕರ್ಮ ಕೆಟ್ಟಿತು. ನಾನು ಒಳಗೆ ಹೋಗೋ ಹಾಗಿಲ್ಲ.

‘ಉತ್ತರ ಬರದಿದ್ದಲ್ಲಿ ರದ್ದು ಮಾಡುತ್ತೇನೆ’ ಅಂತು ಫೋನು.

ಅಡಿಗೆ ಮನೆಯ ಹೊಸ್ತಿಲಲ್ಲಿ ಪಾಯಸದ ಪಾತ್ರೆ ಹಿಡಿದು ನಿಂತಿದ್ದ ಅಮ್ಮ, ನನ್ನ ಜನ್ಮದಲ್ಲಿ ನಾನು ಕೇಳಿರದ ಜೋರು ದನಿಯಲ್ಲಿ ಕೂಗಿದಳು:

‘ಏ, ರದ್ದು ಮಾಡಬ್ಯಾಡ! ಬಂದಾರ! ನನ್ನ ಕಣ್ಮುಂದ ಕೂತು ಉಣ್ಲಿಕ್ಹತ್ಯಾರ, ಕಾಣಂಗಿಲ್ಲೇನು ನಿಂಗ?’

‘ಧನ್ಯವಾದ’ ಅಂತು ಫೋನು. ‘ಅತಿಥಿ ಹಾಜರಿದ್ದಾರೆ ಎಂದು ಗುರುತಿಸಿದ್ದೇನೆ.’

ಹಿರಿಯರು ತುತ್ತು ಬಾಯಿಗಿಟ್ಟರು. ಅಮ್ಮ ಹೋಗಿ ಅವರ ಎಲೆಗೆ ಪಾಯಸ ಬಡಿಸಿದಳು, ಸಾಕು ಸಾಕು ಅಂತ ಅವರು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಹಾಕಿದಳು. ನಾನು ಕಟ್ಟೆಗೆ ವಾಪಸು ಬಂದು ಆ ಹುಡುಗಿಯ ಬಿಳಿ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡೆ. ಅವಳು ಏನೂ ಅನ್ನಲಿಲ್ಲ, ಇನ್ನಷ್ಟು ಬಟ್ಟೆ ಈ ಕಡೆ ಸರಿಸಿದಳು.

ಪಿಂಡ ನದಿಗೆ ಬಿಟ್ಟು ಬಂದ ಮೇಲೆ ನಮ್ಮ ಊಟ. ಮಾಮಾ ಮಡಿ ಬಿಟ್ಟು, ಒಗೆದ ಪಂಚೆ ಉಟ್ಟುಕೊಂಡು ಫೋಟೋದವರ ಜೊತೆ ನದಿ ಕಡೆ ನಡೆದರು, ಮಂತ್ರ ಹೇಳುವಂತೆ ಕಾಣೋದಕ್ಕೆ. ಫೋನು ಗೂಡಿನಲ್ಲೇ ಉಳೀತು. ಅಮ್ಮ ಎಲೆಯ ಮುಂದೆ ಕೂತವಳು ಅದನ್ನೇ ನೋಡ್ತಾ ಕೇಳಿದಳು, ‘ಅದು ಎಲ್ಲಾರದೂ ಹೇಳ್ತದೇನು? ಯಾರ ಕಾರ್ಯ ಯಾವತ್ತು ಅಂತ?’

‘ಹಾಕಿದ್ರ ಹೇಳ್ತದ.’

‘ಹಂಗಾರ ನಂದು ಯಾವಾಗ ಅದ ಕೇಳು.’

‘ಅಮ್ಮಾ, ಸುಮ್ಮನೆ ಉಣ್ಣು’ ಅಂತ ರೇಗಿದೆ. ತಮ್ಮ ತಲೆ ತಗ್ಗಿಸಿದ. ಅವಳು ನಮ್ಮಿಬ್ಬರನ್ನೂ ಬಿಟ್ಟು ಗೂಡಿನ ಕಡೆ ತಿರುಗಿ ತಾನೇ ಕೂಗಿ ಕೇಳಿದಳು. ಅದು ಎಂದಿನ ವಿನಯದಲ್ಲಿ ಹೇಳಿತು: ‘ನಿಮ್ಮ ಹೆಸರಿನಲ್ಲಿ ಮುಂದೆ ಯಾವ ಕಾರ್ಯಕ್ರಮವೂ ಕಂಡುಬಂದಿಲ್ಲ.’

ಅಮ್ಮ ನಕ್ಕಳು. ವರ್ಷದಲ್ಲಿ ಮೊದಲ ಸಲ, ಹಲ್ಲು ಕಾಣೋ ಹಾಗೆ.

‘ಹಂಗಾರ ಅವರು ಅಲ್ಲಿ ಒಂದಷ್ಟು ಕಾಯಲಿ ಬಿಡು. ಊಟಕ್ಕ ಬರ್ತೀನಂತ ಹೇಳಿ ನನ್ನ ಎಷ್ಟು ಕಾಯಿಸ್ಯಾರ’ ಅಂದು ಎಲೆಯನ್ನ ನನ್ನ ಕಡೆ ಸರಿಸಿದಳು. ‘ಆ ವಡಿ ಇನ್ನೆರಡು ಹಾಕು.’